ಅಕ್ಕ ಬೆನ್ನು ತಿರುಗಿಸಿ ನಿಂತ ಮಧ್ಯಾಹ್ನ

ನಾನು ಚಿಕ್ಕವನಿದ್ದಾಗ ಒಂದು ಮಧ್ಯಾಹ್ನ ಬೇಡಿ ಬೇಡಿ ಅಕ್ಕನ ಕೈಯಿಂದ ಹೊಡೆಸಿಕೊಂಡೆ. ಆಗ ನನಗೆ ಎಂಟು ವರ್ಷ; ಒಂಬತ್ತೂ ಇರಬಹುದು. ಉಳ್ಳಾಲದ ಕಡಲಿಗೆ ಮೀನು ಹಿಡಿಯಲು ಹೋದ ಅಪ್ಪನ ದೋಣಿ ಗಾಳಿಮಳೆಗೆ ಸಿಕ್ಕಿ, ಮೂರು ದಿನವಾದರೂ ಮರಳಿರಲಿಲ್ಲ. ಅಮ್ಮ ದಡ ಬಿಟ್ಟು ಏಳುತ್ತಿರಲಿಲ್ಲ. ಮನೆಯಲ್ಲಿ ಒಲೆ ತಣ್ಣಗಿತ್ತು. ಸರಿಯಾಗಿ ಒಣಗದ ಮೀನಿನ ವಾಸನೆ ಅಂಗಳ ತುಂಬಿತ್ತು.

ಅದಕ್ಕೆ ಕೆಲವು ದಿನ ಮೊದಲು ಅಪ್ಪನ ಜೊತೆ ಪೇಟೆಯ ಹಂಪನಕಟ್ಟೆಗೆ ಹೋಗಿದ್ದಾಗ, ಬಸ್ಸುಗಳ ನಡುವೆ ಒಬ್ಬನನ್ನು ಕಂಡಿದ್ದೆ. ಅವನ ಹೆಂಡತಿ ತಲೆಯ ಮೇಲೆ ದೇವಿಯ ಪೆಟ್ಟಿಗೆ ಹೊತ್ತು ಉರುಮೆ ಬಾರಿಸುತ್ತಿದ್ದಳು. ಅವನು ಗೆಜ್ಜೆ ಕಟ್ಟಿ ಕುಣಿಯುತ್ತ ಚಾಟಿಯಿಂದ ತನ್ನ ಬೆನ್ನಿಗೇ ಹೊಡೆದುಕೊಳ್ಳುತ್ತಿದ್ದ. ಛಟೀರ್ ಎಂದಾಗಲೆಲ್ಲ ನಾನು ಅಪ್ಪನ ಪಂಚೆ ಬಿಗಿಯಾಗಿ ಹಿಡಿಯುತ್ತಿದ್ದೆ.

"ಅವ ಎಂತಕ್ಕೆ ಹೊಡ್ಕೊಳ್ಳುದು?"

"ಊರಿನ ಕಷ್ಟವನ್ನೆಲ್ಲ ಅವ ಮೈಮೇಲೆ ತಗೊಳ್ಳುದು ಮಾರಾಯ," ಎಂದರು ಅಪ್ಪ. ತಮಾಷೆಗೆ ಹೇಳಿದರೋ ಏನೋ. ನಾನು ನಂಬಿದೆ.

ಆ ಮಧ್ಯಾಹ್ನ ಬಲೆಯ ಹಗ್ಗದ ತುಂಡೊಂದನ್ನು ತಂದು, ಅಂಗಿ ಕಳಚಿದೆ.

"ಅಕ್ಕ, ಹೊಡಿ. ಜೋರು ಹೊಡಿ. ಅಪ್ಪ ಬರ್ತಾರೆ."

"ನಿಂಗೆ ಮರ್ಲಾ? ಅಂಗಿ ಹಾಕು."

"ನೀನು ಹೊಡೆಯದಿದ್ರೆ ಅಪ್ಪ ಬರುದೇ ಇಲ್ಲ. ಮತ್ತೆ ಅದು ನಿನ್ನಿಂದಾಗಿ!"

ಹನ್ನೆರಡು ವರ್ಷದ ಅಕ್ಕ ಅಳುತ್ತ ಹೊಡೆದಳು. ಉಪ್ಪು ಹಿಡಿದ ಹಗ್ಗ ಬೆನ್ನ ಮೇಲೆ ಉರಿ ಎಬ್ಬಿಸಿತು. ಐದು ಏಟೋ ಹತ್ತೋ, ನನಗೆ ಖಚಿತವಿಲ್ಲ. ಎರಡೇ ಎನ್ನುತ್ತಾಳೆ ಅಕ್ಕ. ಆಮೇಲೆ ಹಗ್ಗವನ್ನು ನನ್ನ ಕೈಗಿಟ್ಟು, ಜಡೆಯನ್ನು ಮುಂದಕ್ಕೆ ಎಳೆದುಕೊಂಡು, ಬೆನ್ನು ತಿರುಗಿಸಿ ನಿಂತಳು.

"ಈಗ ನಂಗೆ. ನನ್ನದೂ ಸೇರಿದ್ರೆ ಬೇಗ ಬರ್ತಾರೆ."

ನಾನು ಹಗ್ಗ ಎತ್ತಿದೆ. ಅವಳ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

"ಹೊಡಿ ಮಾರಾಯ!" ಎಂದು ಕಿರುಚಿದಳು.

ಎತ್ತಿದ ಕೈ ಇಳಿಯಲಿಲ್ಲ. ಹಗ್ಗ ಬಿಸಾಡಿ ಗಾಳಿಮರಗಳ ಕಡೆ ಓಡಿಬಿಟ್ಟೆ.

ಅಪ್ಪ ಬರಲೇ ಇಲ್ಲ. ಆ ಒಂದು ಏಟು ಹೊಡೆದಿದ್ದರೆ ಬರುತ್ತಿದ್ದರು ಎಂದು ಎಷ್ಟೋ ವರ್ಷ ನಂಬಿದ್ದೆ, ಕಾಲೇಜು ಓದಿದ ಮೇಲೂ. ಯಾರಿಗೂ ಹೇಳಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಅಪ್ಪನ ಬೋಟಿನಲ್ಲಿ ವಯರ್‌ಲೆಸ್ ಇದೆ. ಗಾಳಿಯ ಸುದ್ದಿ ಹಿಂದಿನ ದಿನವೇ ಮೊಬೈಲಿಗೆ ಬರುತ್ತದೆ. ಆದರೂ ಮೊನ್ನೆ ಇಡೀ ಹಗಲು ಅವನ ಸುಳಿವಿರಲಿಲ್ಲ. ನಿಮ್ಮಲ್ಲಿ ಕಿರಿಯವಳು ಮೊಬೈಲನ್ನೇ ನೋಡುತ್ತ, ಕೆಂಪಾಗುವಷ್ಟು ತನ್ನ ತೋಳು ಚಿವುಟಿಕೊಳ್ಳುತ್ತಿದ್ದಳು. ಯಾಕೆಂದು ನನಗೆ ಗೊತ್ತಿತ್ತು. ಆ ಕೈ ಹಿಡಿದುಕೊಂಡು ಕುಳಿತೆ. ಸಂಜೆ ನಿಮ್ಮ ಅಪ್ಪ ಬಂದ. ಗಾಳಿ ಇಳಿಯಿತು, ಬಂದ; ಚಿವುಟಿಕೊಂಡದ್ದಕ್ಕಲ್ಲ. ನನ್ನ ಅಪ್ಪ ಬಾರದೆ ಹೋದದ್ದೂ ಗಾಳಿಯಿಂದಲೇ. ಇಷ್ಟನ್ನು ನಂಬಲು ನನಗೆ ಅರುವತ್ತು ವರ್ಷ ಬೇಕಾಯಿತು. ನೀವು ಇವತ್ತೇ ನಂಬಿ.