ಸುತ್ತಿಟ್ಟ ಪರ್ಮಿಟ್

ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಈ ಆಸಾಮಿಗೆ ಜೊತೆಯವರು ಇಟ್ಟ ಹೆಸರು ತಾರೀಖಣ್ಣ. ಐದು ಜನ ಮಲಗುವ ಕೋಣೆಯ ಕಪಾಟಿನ ಬಾಗಿಲಿಗೆ ಪರದೇಶದಲ್ಲಿದ್ದು ಕೆಲಸ ಮಾಡಲು ಎಲ್ಲರಿಗೂ ಸಿಕ್ಕ ಪರ್ಮಿಟ್ ಮುಗಿಯುವ ದಿನಗಳನ್ನು ಬರೆದು ಅಂಟಿಸಿದ್ದ. ಹಲ್ಲುಜ್ಜುತ್ತಿದ್ದವನನ್ನೂ ಬಿಡುತ್ತಿರಲಿಲ್ಲ. “ಇನ್ನು ತೊಂಬತ್ತೇ ದಿನ. ಅರ್ಜಿ ಹಾಕಿದ್ಯಾ ಇಲ್ವಾ?”

ಕಾನೂನೆಂದರೆ ಅವನಿಗೆ ಅಷ್ಟು ಭಕ್ತಿ. ಒಮ್ಮೆ ಹೋಟೆಲಿನ ಊಟದ ಕೋಣೆಯಲ್ಲಿ ಕೆಲಸದವರು ಸಾಲದೆ ಮ್ಯಾನೇಜರ್ ತಟ್ಟೆ ಎತ್ತು ಎಂದಾಗ, “ನನ್ನ ಪರ್ಮಿಟ್‌ನಲ್ಲಿ ಇಸ್ತ್ರಿ ಅಂತಿದೆ ಸಾರ್, ತಟ್ಟೆ ಅಂತಿಲ್ಲ” ಎಂದು ಕೈಕಟ್ಟಿ ನಿಂತಿದ್ದ. ಪುಣ್ಯಾತ್ಮನ ಈ ಹಟಕ್ಕೆ ಕಾರಣವಿತ್ತು. ಈ ಪರದೇಶದಲ್ಲಿ ಐದು ವರ್ಷ ಒಂದು ದಿನವೂ ತಪ್ಪದೆ ಕಾನೂನುಬದ್ಧವಾಗಿ ಇದ್ದವನು ಹೆಂಡತಿಯನ್ನು ಕರೆಸಿಕೊಳ್ಳಬಹುದು. ಒಂದೇ ದಿನ ತಪ್ಪಿದರೂ ಎಣಿಕೆ ಮತ್ತೆ ಸೊನ್ನೆಯಿಂದ. ಅವನಿಗೆ ನಾಲ್ಕು ವರ್ಷ ಕಳೆದಿತ್ತು.

ಒಂದು ಭಾನುವಾರ ಅದೇ ಕೋಣೆಯಲ್ಲಿರುವ ಹೋಟೆಲಿನ ಅಡುಗೆಯವನು ತನ್ನ ಪರ್ಮಿಟ್ ಮುಂದುವರಿಸುವ ಅರ್ಜಿ ತುಂಬುತ್ತಾ ಕೂತಿದ್ದ. “ಅಣ್ಣಾ, ನಿನ್ನ ಪರ್ಮಿಟ್ ಕೊಡು, ನೋಡ್ಕೊಂಡು ಬರೀತೀನಿ.”

ತಾರೀಖಣ್ಣ ಟ್ರಂಕಿನ ಬೀಗ ತೆಗೆದ. ಪರ್ಮಿಟ್ ಮೂರು ಪ್ಲಾಸ್ಟಿಕ್ ಚೀಲಗಳೊಳಗೆ, ಹಳೇ ಬನಿಯನ್ನಿನಲ್ಲಿ ಸುತ್ತಿಕೊಂಡು ಮಲಗಿತ್ತು. ಹೋದ ವರ್ಷ ಕೈಗೆ ಬಂದ ದಿನವೇ ಕಣ್ಣಿಗೊತ್ತಿಕೊಂಡು ಸುತ್ತಿಟ್ಟವನು ಆಮೇಲೆ ಅದರ ಮುಖ ನೋಡಿರಲಿಲ್ಲ.

ಅಡುಗೆಯವನು ಒಮ್ಮೆ ಅದನ್ನು, ಒಮ್ಮೆ ಕಪಾಟಿನ ಬಾಗಿಲನ್ನು ನೋಡಿದ. “ಬಾಗಿಲ ಮೇಲೆ ಇನ್ನೂ ಒಂದು ವರ್ಷ ಇದೆ ಅಂತ ಬರ್ದಿದೀಯ. ಇದರಲ್ಲಿ ಒಂಬತ್ತೇ ದಿನ ಇದೆಯಲ್ಲ.”

ಎರಡು ವರ್ಷ ಕೇಳಿದ್ದಕ್ಕೆ ಎರಡು ವರ್ಷವೇ ಸಿಕ್ಕಿರುತ್ತದೆಂದು ಮಹಾನುಭಾವ ಬಾಗಿಲ ಮೇಲೆ ಬರೆದುಬಿಟ್ಟಿದ್ದ. ಆದರೆ ಇನ್ನು ಒಂಬತ್ತು ದಿನಕ್ಕೆ ಅವನ ಪಾಸ್‌ಪೋರ್ಟೇ ಮುಗಿಯುತ್ತಿತ್ತು, ಅದಕ್ಕೇ ಕಚೇರಿಯವರು ಪರ್ಮಿಟನ್ನೂ ಅಲ್ಲಿಗೇ ನಿಲ್ಲಿಸಿದ್ದರು. ತಾರೀಖಣ್ಣನಿಗೆ ಅಳು ಬಂತು, ನಾಚಿಕೆ ಅದಕ್ಕಿಂತ ಹೆಚ್ಚು ಬಂತು.

ಆಮೇಲಿನ ದಿನಗಳಲ್ಲಿ ಅವನು ಮುಟ್ಟದ ಕಚೇರಿ ಕಿಟಕಿಯಿಲ್ಲ, ಕೈಮುಗಿಯದ ಗುಮಾಸ್ತನಿಲ್ಲ. ತುರ್ತು ಪಾಸ್‌ಪೋರ್ಟ್ ಎಂಟನೇ ದಿನ ಸಂಜೆ ಸಿಕ್ಕಿತು. ಒಂಬತ್ತನೇ ದಿನ ಪರ್ಮಿಟ್ ಕಚೇರಿಯಲ್ಲಿ ಅವನೇ ಕೊನೆಯವನು. ಗಡುವಿನೊಳಗೆ ಅರ್ಜಿ ಬಿದ್ದರೆ ಉತ್ತರ ಬರುವ ತನಕ ಇರಬಹುದು, ಕೆಲಸವನ್ನೂ ಮಾಡಬಹುದು, ಐದು ವರ್ಷದ ಎಣಿಕೆಯೂ ಮುರಿಯುವುದಿಲ್ಲ.

ಕಿಟಕಿಯ ಹೆಂಗಸು ಕೇಳಿದಳು. “ವರ್ಷದಿಂದ ನಿಮ್ಮ ಹತ್ರಾನೇ ಇತ್ತಲ್ಲ, ಓದ್ಲಿಲ್ವಾ?”

“ಹಾಳಾಗತ್ತೆ ಅಂತ ತೆಗೀಲಿಲ್ಲ ಮೇಡಂ.”

ಆಕೆ ನಗು ತಡೆದುಕೊಂಡು ರಸೀದಿಗೆ ಮುದ್ರೆ ಒತ್ತಿದಳು.

ಹೊರಗೆ ಬಂದು ಹೆಂಡತಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡ. ಅವಳು ಮೆಲ್ಲಗೆ ಹೇಳಿದಳು.

“ನೀವು ಹೇಳಿದ ಹಾಗೆ ನನ್ನ ಪಾಸ್‌ಪೋರ್ಟನ್ನೂ ಸೀರೆಯೊಳಗೆ ಸುತ್ತಿ ಬೀಗ ಹಾಕಿಟ್ಟಿದೀನಿ, ರೀ. ಮುಟ್ಟಿಲ್ಲ.”

ತಾರೀಖಣ್ಣ ರಸ್ತೆ ಬದಿಯ ಕಟ್ಟೆ ಮೇಲೆ ಕೂತ.

“ಬೀಗದ ಕೈ ತಗೊಂಡು ಬಾ,” ಎಂದ. “ಬಿಚ್ಚಿ ತಾರೀಖು ಓದು. ಅಲ್ಲಿಯವರೆಗೂ ನಾನು ಫೋನು ಇಡಲ್ಲ.”