ಎಂಜಿನ್ ನಿಂತಿತು ಎಂದು ಹೇಳುವ ಕೆಲಸ

ನನ್ನ ತಂಗಿ ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಳೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ನಾರಾಯಣಖೇಡದಲ್ಲಿ ತೊಗರಿ ಚೀಲ ಹೇರಿಕೊಂಡು, ಜಹೀರಾಬಾದ್ ಹಾದು, ತಾಂಡೂರಿನ ಬೇಳೆ ಮಿಲ್ಲಿಗೆ ಇಳಿಸುತ್ತೇನೆ. ಬರುವಾಗ ಅಲ್ಲಿಯ ಹಾಸುಗಲ್ಲು ತರುತ್ತೇನೆ. ಲಾರಿ ನನ್ನದೇ. ಅವಳ ಕೆಲಸಕ್ಕೆ ನನ್ನಿಂದ ಆದ ತೊಂದರೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವಳು ಸರ್ಕಾರದ ನೆರವಿನಿಂದ ದೂರದ ಊರಿನ ವಿಮಾನ ಶಾಲೆ ಸೇರಿದವಳು. ಒಂದು ಎಂಜಿನ್ನಿನ ವಿಮಾನದ ಪಾಠ ಮುಗಿದಿತ್ತು. ಮುಂದಿನದು ಎರಡು ಎಂಜಿನ್ನಿನದು. ಅಂಥದ್ದು ಆ ಶಾಲೆಯಲ್ಲಿ ಒಂದೇ ಇತ್ತು. ಕಲಿಯುವವರು ಸರದಿಯಲ್ಲಿ ಕಾಯಬೇಕು. ಸರದಿ ಬರುವವರೆಗೆ ಮನೆಗೆ ಹೋಗಿ ಓದಿಕೊಳ್ಳಿ ಎಂದು ಕಳಿಸಿದ್ದರು.

ಮೊದಲ ದಿನ ಊಟಕ್ಕೆ ಕೂತಾಗ ಅವ್ವ ಕೇಳಿದಳು, "ಎರಡ ಎಂಜಿನ್ ಇದ್ರ ಚಲೋನೇ ಆತಲ್ಲ? ಒಂದು ನಿಂತ್ರ ಇನ್ನೊಂದು ಅದ."

"ಹಂಗಲ್ಲವ್ವಾ. ಒಂದು ನಿಂತ್ರ ಇನ್ನೊಂದು ಸುಮ್ನ ಕೂಡಂಗಿಲ್ಲ. ವಿಮಾನ ತಿರುವಿ ಒಗೀತದ."

ಅವಳು ರೊಟ್ಟಿಯ ತುಣುಕನ್ನು ತಾಟಿನಲ್ಲಿ ತಿರುಗಿಸಿ ತೋರಿಸಿದಳು. ಎಡಗಡೆಯ ಎಂಜಿನ್ ನಿಂತರೆ ಬಲಗಡೆಯದು ತಳ್ಳುತ್ತಲೇ ಇರುತ್ತದೆ, ಆದ್ದರಿಂದ ಮೂತಿ ಎಡಕ್ಕೆ ಹೊರಳುತ್ತದೆ. ಆಗ ಬಲಗಾಲಿನಿಂದ ಪೆಡಲ್ ಒತ್ತಿ ನೇರ ಹಿಡಿಯಬೇಕು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ ಎಂದು ಲೆಕ್ಕ. ಅದರ ಹಿಡಿಕೆಯನ್ನು ಹಿಂದಕ್ಕೆಳೆದು ಖಾತ್ರಿ ಮಾಡಿಕೊಂಡು, ಅದರ ಪಂಖವನ್ನು ಗಾಳಿಗೆ ಅಂಚು ಕೊಡುವ ಹಾಗೆ ತಿರುಗಿಸಿ ನಿಲ್ಲಿಸಬೇಕು. ನೆಲ ಬಿಟ್ಟು ಏರುತ್ತಿರುವಾಗ ಹೀಗಾದರೆ ಯೋಚನೆ ಮಾಡಲು ಸಮಯವೇ ಇರುವುದಿಲ್ಲ. ಕಾಲಿಗೆ ತಾನಾಗಿಯೇ ಗೊತ್ತಾಗಬೇಕು.

ಕಾಲಿಗೆ ಕಲಿಸಲು ಅವಳು ಪಡಸಾಲೆಯಲ್ಲಿ ಒಂದು ವಿಮಾನ ಕಟ್ಟಿದಳು. ನನ್ನ ಹಳೆ ಗಾಡಿಯ ಕ್ಲಚ್ಚು ಬ್ರೇಕಿನ ಪೆಡಲುಗಳನ್ನು ಹಲಗೆಗೆ ಬಡಿದುಕೊಂಡಳು. ಎಣ್ಣೆ ಡಬ್ಬಿಯ ಮುಚ್ಚಳ ಕೊರೆದು, ಎಂಜಿನ್ನಿನ ಹಿಡಿಕೆಗಳೆಂದು ಸೌಟುಗಳನ್ನು ಸಿಗಿಸಿದಳು. ಗೋಡೆಗೆ ಮೀಟರುಗಳ ಚಿತ್ರ ಅಂಟಿಸಿ, ಕುರ್ಚಿ ಹಾಕಿಕೊಂಡು ಅದಕ್ಕೆ ಮುಖ ಮಾಡಿ ಕೂತಳು. ಹಿಂದೆ ಹಗ್ಗ ನೇಯ್ದ ಹೊರಸು ಮಂಚದ ಮೇಲೆ ನಾನು. ಅವಳು ಬಾಯಲ್ಲೇ ವಿಮಾನ ಓಡಿಸಿ ಏರಿಸುತ್ತಾಳೆ. ನಾನು ಯಾವಾಗ ಬೇಕಾದರೂ, ಸುಳಿವು ಕೊಡದೆ, "ಎಡಗಡಿದು ನಿಂತಿತು" ಅಥವಾ "ಬಲಗಡಿದು ನಿಂತಿತು" ಎನ್ನಬೇಕು. ಅಷ್ಟೇ ನನ್ನ ಕೆಲಸ.

ಅದು ನನಗೆ ಬಹಳ ಕಷ್ಟವಾಯಿತು. ನಮ್ಮಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದ, ಈಗ ಬದುಕಿಲ್ಲ. ಗಾಡಿ ಹೊರಡುವ ಹೊತ್ತಿಗೆ ಕೆಟ್ಟು ನಿಲ್ಲುವ ಮಾತು ಯಾರ ಬಾಯಿಂದಲೂ ಬರಕೂಡದು. ಬಂತೋ, "ಬಿಡ್ತು ಅನ್ನು" ಎಂದು ಗದರಿ ನೆಲ ಮುಟ್ಟಿಸುತ್ತಿದ್ದ. ನಾನೂ ಹಾಗೇ ಬೆಳೆದೆ. ಇವತ್ತಿಗೂ ಮಿಲ್ಲಿನಲ್ಲಿ ಯಾರಾದರೂ "ಟೈರ್ ಸವದಾವ, ಒಡೀತಾವ ನೋಡು" ಅಂದರೆ ನನ್ನ ಕೈ ನೆಲಕ್ಕೆ ಹೋಗುತ್ತದೆ. ಅಂಥವನು, ಒಡಹುಟ್ಟಿದ ತಂಗಿ ಆಕಾಶಕ್ಕೆ ಏರುತ್ತಿರುವಾಗ ಎಂಜಿನ್ ನಿಂತಿತು ಅನ್ನಬೇಕು.

ಮೊದಲ ದಿನ ಅಂದೆ, ಅಂದ ಮೇಲೆ "ಬಿಡ್ತು ಬಿಡ್ತು" ಅಂದೆ.

ಅವಳು ತಿರುಗಿ ನಕ್ಕಳು. "ಅಣ್ಣಾ, ಎಂಜಿನ್ ಸತ್ತ ಮ್ಯಾಲ ಬಿಡ್ತು ಅಂದ್ರ ಅದು ಎದ್ದು ಕೂಡ್ತದೇನು?"

"ನೀ ನಿನ್ನ ಕಾಲ ನೋಡ್ಕೊ."

ಮರುದಿನದಿಂದ ಬಿಡ್ತು ಎಂದು ಬಾಯಿ ಬಿಟ್ಟು ಹೇಳುವುದನ್ನು ನಿಲ್ಲಿಸಿದೆ. ಕೆಟ್ಟ ಮಾತಿಗೆ ಮುಂಚೆಯೇ, ಮನಸ್ಸಿನಲ್ಲಿ ಬಿಡ್ತು ಅಂದುಕೊಂಡು, ಬಗ್ಗಿ ಬೆರಳಿನಿಂದ ನೆಲ ಮುಟ್ಟುತ್ತಿದ್ದೆ. ಆಮೇಲೆ ಮಾತು. ಬಗ್ಗಿದಾಗ ಹೊರಸಿನ ಹಗ್ಗ ಕಿರ್ ಅನ್ನುತ್ತಿತ್ತು.

ವಾರ ಕಳೆಯುವಷ್ಟರಲ್ಲಿ ಅವಳ ಕಾಲು ಮಿಂಚಿನ ಹಾಗೆ ಓಡತೊಡಗಿತು. ನನ್ನ ಮಾತಿನ ಮೊದಲ ಅಕ್ಷರ ಬರುತ್ತಲೇ ಸರಿಯಾದ ಪೆಡಲ್ ಕೆಳಗೆ ಹೋಗಿರುತ್ತಿತ್ತು. ಒಂದು ಮಧ್ಯಾಹ್ನ ನಾನು ಅವಳ ಬೆನ್ನನ್ನೇ ನೋಡುತ್ತ ಕೂತಿದ್ದೆ. ನಾನು ಬಗ್ಗಿದೆ, ಹಗ್ಗ ಕಿರ್ ಅಂದಿತು, ಅವಳ ಹೆಗಲು ಬಿಗಿಯಾಯಿತು, ಎರಡೂ ಪಾದ ಪೆಡಲುಗಳ ಮೇಲೆ ಸಿದ್ಧವಾದವು. ಆಗ ನಾನಿನ್ನೂ ಬಾಯಿ ತೆರೆದಿರಲಿಲ್ಲ.

ಆ ಕಿರ್ ಸದ್ದೇ ಅವಳಿಗೆ ಸುಳಿವಾಗಿದೆ ಎಂದು ನನಗೆ ಅರ್ಥವಾಯಿತು. ಅವಳಿಗೆ ಆಗಿರಲಿಲ್ಲ. ಆಗಲೇ ಹೇಳಬಹುದಿತ್ತು, ಹೇಳಲಿಲ್ಲ. ಗಡಿಯಾರ ಹಿಡಿದು ತನ್ನ ವೇಗ ನೋಡಿಕೊಂಡು ಅವಳು ಹಿಗ್ಗುತ್ತಿದ್ದಳು. ನನ್ನಿಂದ ಇಷ್ಟಾದರೂ ಆಗುತ್ತಿದೆ ಎಂದು ನಾನೂ ಹಿಗ್ಗುತ್ತಿದ್ದೆ. ನೆಲ ಮುಟ್ಟದೆ ಆ ಮಾತು ಆಡುವ ಧೈರ್ಯವಂತೂ ಇರಲಿಲ್ಲ.

ಹೊರಡುವ ಹಿಂದಿನ ದಿನ ಅವಳೇ ಕೇಳಿದಳು. "ಅಣ್ಣಾ, ಖರೆ ಹೇಳು. ನೀ ಏನಾರ ಸುಳಿವು ಕೊಡ್ತಿಯೇನು? ನಾ ಇಷ್ಟು ಜಲ್ದಿ ಹ್ಯಾಂಗ ಕಲತೆ?"

"ನಾ ಯಾಕ ಕೊಡ್ಲಿ? ನಿನ್ನಾಣೆ."

ಅವಳು ಹೋದಳು. ದಿನಾ ಒಂದು ಫೋನು. ಬೆಳಕು ಹರಿಯುವ ಮುಂಚೆ ಮೈದಾನಕ್ಕೆ ಹೋಗುವುದು, ವಿಮಾನದ ಸುತ್ತ ನಡೆದು ಮುಟ್ಟಿ ನೋಡುವುದು, ಎರಡೂ ಕಡೆಯಿಂದ ಒಂದಿಷ್ಟು ಪೆಟ್ರೋಲು ಗಾಜಿಗೆ ಹಿಡಿದು ನೀರು ಬೆರೆತಿದೆಯೇ ಎಂದು ಪರೀಕ್ಷಿಸುವುದು. "ಎಲ್ಲಾ ಎರಡೆರಡು ಸಲ ಅಣ್ಣಾ. ಎರಡು ಒಲಿ ಮ್ಯಾಲ ಹಾಲಿಟ್ಟಂಗ. ಒಂದರ ಕಡಿ ನೋಡಿದ್ರ ಇನ್ನೊಂದು ಉಕ್ಕತದ."

ಹತ್ತನೆಯ ದಿನವೋ ಏನೋ, ಫೋನು ಬರಲಿಲ್ಲ. ಅದರ ಮರುದಿನ ಅವಳೇ ಬಂದಳು. ನೆಲ ಬಿಟ್ಟು ಏರುವಾಗ ಗುರುಗಳು ಹಿಡಿಕೆಗಳು ಅವಳಿಗೆ ಕಾಣದಂತೆ ಪುಸ್ತಕ ಮುಚ್ಚಿ, ಬಲಗಡೆಯ ಎಂಜಿನ್ನನ್ನು ಮೆಲ್ಲಗೆ ಇಳಿಸಿದ್ದರು. ಮೂತಿ ಬಲಕ್ಕೆ ಹೊರಳಿತು. ಅವಳು ಸುಮ್ಮನೆ ಕೂತಳು. ಆಮೇಲೆ ಗಾಬರಿಯಾಗಿ, ಎಡಗಾಲಿನ ಬದಲು ಬಲಗಾಲನ್ನೇ ಒತ್ತಿದಳು. ಗುರುಗಳು ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡರು. ಎರಡನೆಯ ಸಲವೂ ಹಾಗೇ ಆಯಿತು. ಸರದಿ ಮುಂದಿನವರಿಗೆ ಹೋಯಿತು. ಅವಳು ಮತ್ತೆ ಕಾಯಬೇಕು.

"ನಂಗ ಗೊತ್ತದ ಯಾವ ಕಾಲಂತ," ಅಂದಳು ಅವ್ವನಿಗೆ. "ಆದ್ರ ಮೈ ಏನಕ್ಕೋ ಕಾಯ್ತಿತ್ತು. ಏನಕ್ಕ ಅಂತ ತಿಳೀವಲ್ದು."

ಅದು ಏನಕ್ಕೆ ಕಾಯುತ್ತಿತ್ತು ಎಂದು ನನಗೆ ಗೊತ್ತಿತ್ತು. ನಾನು ಎದ್ದು ಗಾಡಿಗೆ ನೀರು ಹಾಕಲು ಹೋದೆ.

ಎಂಟು ದಿನ ಅವಳು ಪುಸ್ತಕ ತೆರೆಯಲಿಲ್ಲ. ಒಂಬತ್ತನೆಯ ದಿನ ನನ್ನ ಜೊತೆ ತಾಂಡೂರಿಗೆ ಬರುತ್ತೇನೆ ಅಂದಳು. ಮಿಲ್ಲಿನ ಅಂಗಳದಲ್ಲಿ ನಮ್ಮ ಮುಂದೆ ನಾಲ್ಕು ಗಾಡಿ ಇದ್ದವು. ಗುರುತಿನ ಹಮಾಲಿ ಒಬ್ಬ ಕಿಟಕಿಗೆ ಬಂದು, "ಏನ್ರಿ ಪೈಲಟ್ ಮೇಡಂ, ನಮ್ಮ ತೊಗರಿ ವಿಮಾನದಾಗ ಯಾವಾಗ ಒಯ್ತೀರಿ? ನಿಮ್ಮಣ್ಣನ ಗಾಡಿ ಎತ್ತಿನ ಬಂಡಿಕಿಂತ ಹಿಂದ ಬರ್ತದ," ಅಂದ. ಅವಳು ನಗಲಿಲ್ಲ. ಅವನು ನನ್ನ ಮುಖ ನೋಡಿ ಹೊರಟುಹೋದ.

ಅವಳು ಫೋನಿನಲ್ಲಿ ಏನೋ ಬರೆಯುತ್ತಿದ್ದಳು. ಕೇಳಿದೆ.

"ನಮ್ಮ ವಿಮಾನ ಸಾಲಿಗಿ ಬರ್ಯಾಕತ್ತೀನಿ. ಎರಡು ಎಂಜಿನ್ ಪಟ್ಟಿಯಾಗ ನನ್ನ ಹೆಸರು ತಗೀರಿ ಅಂತ. ನಂಗ ಒಂದೇ ಸಾಕು."

ಒಂದೇ ಆದರೆ ದೊಡ್ಡ ವಿಮಾನದ ಕೆಲಸ ಸಿಗುವುದಿಲ್ಲ ಎಂದು ಅವಳೇ ಹೇಳಿದ್ದಳು. ಅವಳ ಹೆಬ್ಬೆರಳು ಕಳಿಸುವ ಗುರುತಿನ ಹತ್ತಿರ ಇತ್ತು. ನಾನು ಆ ಕೈ ಹಿಡಿದುಕೊಂಡೆ, ಎಲ್ಲವನ್ನೂ ಹೇಳಿದೆ. ನೆಲ ಮುಟ್ಟಿದ್ದು, ಹಗ್ಗ ಕಿರ್ ಅಂದದ್ದು, ಅವಳ ಹೆಗಲು ಕಂಡದ್ದು, ಕಂಡೂ ಸುಮ್ಮನಿದ್ದದ್ದು.

ಅವಳು ತನ್ನ ಕೈ ಬಿಡಿಸಿಕೊಂಡಳು.

"ಆಣೆ ಮಾಡಿದ್ದಿ."

"ಹೂಂ."

"ನನ್ನಾಣೆ ಮಾಡಿದ್ದಿ ಅಣ್ಣಾ. ಎಂಟು ದಿನ ನಾ, ನನ್ನ ತಲಿನೇ ಸರಿ ಇಲ್ಲ ಅಂತ ಅಳ್ತಿದ್ದೆ. ನೀ ಎದುರಿಗೆ ಕೂತು ರೊಟ್ಟಿ ತಿಂತಿದ್ದಿ."

ಅವಳು ಇಳಿದು ತೂಕದ ಕಾಟಾದ ತನಕ ಹೋಗಿ ನಿಂತಳು. ನಮ್ಮ ಸರದಿ ಬಂತು, ಚೀಲ ಇಳಿದವು. ವಾಪಸು ಹತ್ತಿ ಕೂತಾಗ ಫೋನು ಜೇಬಿನಲ್ಲಿತ್ತು. ಬರೆದದ್ದನ್ನು ಕಳಿಸಿರಲಿಲ್ಲ.

"ಮನಿಗಿ ನಡಿ. ಕಲ್ಲು ನಾಳೆ ಹೇರ್ಕೊ."

ಮನೆಯಲ್ಲಿ ಅವಳು ನನ್ನನ್ನು ಕರೆಯಲಿಲ್ಲ, ಅವ್ವನನ್ನು ಕರೆದಳು. ಅವ್ವ ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅವ್ವ ಮೊರದಲ್ಲಿ ತೊಗರಿ ಹಸನು ಮಾಡುತ್ತ ಹೊಸಿಲ ಮೇಲೆ ಕೂತಳು.

"ನಾ ಅಂದ್ರ ಎಂಜಿನ್ ನಿಲ್ತದಂದ್ರ, ನಾ ಅಂದ್ರ ಚಾಲೂನೂ ಆಗಬೇಕಲ್ಲ? ಹೋದ ವರ್ಷದಿಂದ ಕೆಟ್ಟ ಮಿಕ್ಸರಿಗಿ ಚಾಲೂ ಆಗು ಅಂತ ಹೇಳಾಕತ್ತೀನಿ, ಕೇಳ್ತದೇನು ಅದು?" ಅಂದು, ತಲೆ ಎತ್ತದೆ, ಕಲ್ಲು ಆರಿಸಿ ಒಗೆಯುತ್ತಲೇ ಅಂದಳು: "ಬಲಗಡಿದು ಹೋತು."

ತಂಗಿ ತಪ್ಪು ಕಾಲು ಒತ್ತಿದಳು.

ಮೊದಲ ಎರಡು ದಿನ ಬಹುತೇಕ ತಪ್ಪೇ. ಅವ್ವನಿಗೆ ಹೊತ್ತುಗೊತ್ತಿರಲಿಲ್ಲ. ಎಂಜಿನ್ ಚಾಲೂ ಮಾಡುವ ಮೊದಲೇ ಒಮ್ಮೆ ನಿಲ್ಲಿಸಿಬಿಟ್ಟಳು. ಮತ್ತೊಮ್ಮೆ ಪಕ್ಕದ ಮನೆಯವಳಿಗೆ ಬೇಳೆಯ ಧಾರಣೆ ಹೇಳುತ್ತ ಮಧ್ಯದಲ್ಲಿ "ಎಡಗಡಿದು" ಅಂದಳು. ನಾನು ಬಾಗಿಲಲ್ಲಿ ನಿಂತು ತಂಗಿಯ ಕಾಲುಗಳನ್ನು ನೋಡುತ್ತಿದ್ದೆ. ಅವು ನಿಧಾನವಾಗಿ, ಹೊಸದಾಗಿ, ಮತ್ತೆ ಕಲಿತವು. ಅವಳು ನನ್ನ ಜೊತೆ ಉಪ್ಪು ಕೊಡು, ನೀರು ಕೊಡು ಅನ್ನುವಷ್ಟೇ ಮಾತಾಡುತ್ತಿದ್ದಳು.

ಸರದಿ ಬಂದು ಹೋದಳು. ನಾಲ್ಕನೆಯ ದಿನ ನಾನು ಜಹೀರಾಬಾದ್ ದಾಟಿದ್ದೆ, ಫೋನು ಬಂತು.

"ಏರುವಾಗ ಎಡಗಡಿದು ತಗದ್ರು. ನಾ ವಿಚಾರ ಮಾಡೋದ್ರೊಳಗ ಬಲಗಾಲು ಕೆಳಗ ಇತ್ತು. ಪಾಸ್ ಅಂದ್ರು. ಅವ್ವಗ ಮೊದಲ ಹೇಳೀನಿ."

"ಚಲೋ ಆತು."

"ಸಿಟ್ಟು ಇನ್ನೂ ಹೋಗಿಲ್ಲ, ತಿಳಕೊ."

"ಇರಲಿ."

"ಇರ್ತದ," ಅಂದಳು. ಆದರೆ ಫೋನು ಇಡಲಿಲ್ಲ. ಗಾಳಿ ಎಷ್ಟಿತ್ತು, ಮೂತಿ ಎಷ್ಟು ಹೊರಳಿತು, ಇಳಿಯುವಾಗ ಯಾವ ಚಕ್ರ ಮೊದಲು ನೆಲ ಸೋಕಿತು, ಒಂದೊಂದನ್ನೇ ಹೇಳತೊಡಗಿದಳು. ನಾನು ಗಾಡಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಅರ್ಧ ಗಂಟೆ ಅವಳು ಹೇಳಿದಳು, ನಾನು ಕೇಳಿದೆ.