ಶುಕ್ರವಾರ ಕೊಡದ ದುಡ್ಡು

ಚೀಟಿ ಎತ್ತಿದ ಹದಿನಾಲ್ಕು ಸಾವಿರವನ್ನು ದೇವರ ಪಟದ ಹಿಂದೆ ಇಟ್ಟ ದಿನದಿಂದ ನಾನು ಕೂತಲ್ಲಿ ಕೂರಲಿಲ್ಲ. ಅದರಲ್ಲಿ ಎರಡು ಕೆಲಸ ಆಗಬೇಕಿತ್ತು. ಒಂದು ನಮ್ಮವರ ಕಂಪ್ಯೂಟರಿನದು, ಇನ್ನೊಂದು ಅತ್ತೆಯ ಆಂಪ್ಲಿಫೈಯರ್‌ನದು.

ಅಜ್ಜಂಪುರ ತಾಲ್ಲೂಕಾದ ಮೇಲೆ ನಮ್ಮವರು ಮನೆಯ ಮುಂದಿನ ಕೋಣೆಯಲ್ಲೇ ಅರ್ಜಿ ಟೈಪು ಮಾಡಿಕೊಡುತ್ತಾರೆ. ಮದುವೆ ಕಾಲದಲ್ಲಿ ಲಗ್ನಪತ್ರಿಕೆಯೂ ಉಂಟು. ಮನೆ ನಡೆಯುವುದು ಅದರಿಂದಲೇ. ಕಂಪ್ಯೂಟರ್ ಮಾತ್ರ ಹಳೆಯದು. ಗುಂಡಿ ಒತ್ತಿದ ಮೇಲೆ ನಾನು ಒಳಗೆ ಹೋಗಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ ಬಂದರೂ ಅದರ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಅಷ್ಟರಲ್ಲಿ ತಾಲ್ಲೂಕು ಕಚೇರಿಯ ಪಕ್ಕದಲ್ಲೇ ಹೊಸ ಅಂಗಡಿಯೊಂದು ಶುರುವಾಯಿತು. ನಮ್ಮ ಬೆಂಚಿನ ಮೇಲೆ ಕಾದು ಬೇಸತ್ತವರು "ಇಲ್ಲೇ ಹೋಗಿ ಬತ್ತೀನಿ" ಅಂತ ಎದ್ದರೆ ಮತ್ತೆ ಬರುತ್ತಿರಲಿಲ್ಲ. ಆ ತಿಂಗಳು ಎದ್ದು ಹೋದವರೇ ಹೆಚ್ಚು.

ಅತ್ತೆಗೆ ಎರಡೂ ಕಣ್ಣು ಕಾಣುವುದಿಲ್ಲ. ಬೆಳಿಗ್ಗೆ ಸ್ತೋತ್ರ, ಮಧ್ಯಾಹ್ನ ಹರಿಕಥೆ, ಅವರ ದಿನ ಕಳೆಯುವುದು ಕಿವಿಯಲ್ಲಿ. ಮೊಬೈಲಿನ ಸದ್ದು ಅವರಿಗೆ "ಡಬ್ಬೀಲಿ ಸಿಕ್ಕೊಂಡ ನೊಣ." ಮಾವನವರು ಇದ್ದಾಗ ತಂದ ಆಂಪ್ಲಿಫೈಯರ್ ಆಗಲೇ ಗುಂಯ್ ಅನ್ನಲು ಶುರುಮಾಡಿ, ದೇವರ ಹೆಸರಿಗಿಂತ ಗುಂಯ್‌ಕಾರವೇ ಜೋರಾಗಿತ್ತು. ಹೊಸದನ್ನೇ ತರುತ್ತೇವಲ್ಲ ಅಂತ ಯಾರೂ ಅದನ್ನು ಬಿಚ್ಚಿಸಿ ನೋಡಲಿಲ್ಲ.

ನಮ್ಮವರಿಗೆ ಬೆಂಚಿನ ಮೇಲೆ ಕಾಯುವವರನ್ನು ಬಿಟ್ಟು ಏಳಲು ಧೈರ್ಯವಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು, ದುಡ್ಡು ಕೊಟ್ಟು, "ಇವತ್ತೇ ತಗೊಂಬಾ" ಅಂದರು. ಅವತ್ತು ಶುಕ್ರವಾರ. ಶುಕ್ರವಾರ ನಮ್ಮ ಮನೆಯಿಂದ ದುಡ್ಡು ಹೊರಗೆ ಹೋಗುವುದಿಲ್ಲ, ನಮ್ಮಮ್ಮನ ಕಾಲದಿಂದ ನಾನು ನಡೆಸಿಕೊಂಡು ಬಂದದ್ದು. ಎದುರು ಹೇಳಲಾರದೆ ಹೊರಟೆ. ಕಡೂರಿನ ಬಸ್ಸು ಹೆಂಗಸರಿಗೆ ಪುಕ್ಕಟೆ. ದೇವರು ದೊಡ್ಡವನು, ಅಲ್ಲಿಗಂತೂ ನೇಮ ಕೆಡಲಿಲ್ಲ.

ಅಂಗಡಿಯವನು ಚೀಟಿ ನೋಡಿ ಕ್ಯಾಲ್ಕುಲೇಟರ್ ಒತ್ತಿದ. ಕಂಪ್ಯೂಟರನ್ನು ಚುರುಕು ಮಾಡುವ ರ್‍ಯಾಮು ಮೂರು ಸಾವಿರದ ಆರುನೂರು, ಎಸ್‌ಎಸ್‌ಡಿ ಮೂರು ಸಾವಿರದ ಇನ್ನೂರು, ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್ ಸೇರಿ ಆರು ಸಾವಿರದ ಎಂಟುನೂರು. ಒಟ್ಟು ಹದಿಮೂರು ಸಾವಿರದ ಆರುನೂರು. ನಾನೂರು ಉಳಿಯುತ್ತಿತ್ತು! ಅಷ್ಟು ಸರಿಯಾಗಿ ಹೊಂದಿದ್ದು ಕಂಡು ನನಗೆ ಕಣ್ಣು ತುಂಬಿತು. ಆದರೆ ಪರ್ಸಿನ ಜಿಪ್ಪಿಗೆ ಕೈ ಹೋಗಲಿಲ್ಲ.

"ನಾಳೆ ಬತ್ತೀನಿ ಕಣಪ್ಪ. ಇವತ್ತು ಶುಕ್ರವಾರ."

"ಅಕ್ಕಾ, ರ್‍ಯಾಮಿನ ರೇಟು ದಿನಾ ಏರ್ತಾ ಐತೆ. ಆಮೇಲೆ ನನ್ನ ಬೈಬ್ಯಾಡ್ರಿ. ನೋಟು ಬ್ಯಾಡ, ಫೋನಲ್ಲಿ ಹಾಕ್ಬಿಡಿ. ಫೋನಲ್ಲಿ ಹೋಗೋಳು ಲಕ್ಷ್ಮಿ ಅಲ್ಲ ಬಿಡಿ."

"ನಿನ್ನ ಗಲ್ಲಾಪೆಟ್ಟಿಗೆ ಮೇಲಿನ ಪಟಕ್ಕೆ ಹೂ ಹಾಕಿದ್ದೀಯಲ್ಲ, ಅವಳ ಮುಂದೆ ಹೇಳು ಆ ಮಾತ!"

ಅವನು ನಕ್ಕ. ನಾನೂ ನಗುತ್ತಲೇ ಮೆಟ್ಟಿಲಿಳಿದೆ. ಮನೆಗೆ ಬಂದು ಅಂದದ್ದು ಮಾತ್ರ ಸುಳ್ಳು: "ಸ್ಟಾಕ್ ಇಲ್ವಂತೆ ಕಣ್ರೀ."

ಶನಿವಾರ ಕಬ್ಬಿಣದ ಸಾಮಾನು ಮನೆಗೆ ತರಬಾರದು. ಕಂಪ್ಯೂಟರಿನ ಸಾಮಾನು ಕಬ್ಬಿಣವೋ ಅಲ್ಲವೋ ನನಗೆ ಗೊತ್ತಿಲ್ಲ, ಸ್ಪೀಕರಿನೊಳಗೆ ಅಯಸ್ಕಾಂತ ಇರುತ್ತದೆಂಬುದು ಗೊತ್ತು. ಭಾನುವಾರ ಅಂಗಡಿಗೆ ರಜೆ. ಸೋಮವಾರ ಅಮಾವಾಸ್ಯೆ. ಮಂಗಳವಾರವೂ ನಾನು ದುಡ್ಡು ಬಿಚ್ಚುವವಳಲ್ಲ. ಬುಧವಾರ ಹೊರಟು ನಿಂತಾಗ ಬುಕ್ಕಾಂಬುಧಿಯಿಂದ ನಾದಿನಿ ಬಂದಳು. ಗುರುವಾರ ಅವಳನ್ನು ಕಳಿಸುವ ಹೊತ್ತಿಗೆ ಬಸ್ಸು ತಪ್ಪಿತು. ತಿರುಗಿ ನೋಡಿದರೆ ಮತ್ತೆ ಶುಕ್ರವಾರ. ಆ ವಾರವೆಲ್ಲ ನಾನು ಒಲೆಯ ಮುಂದಿನಿಂದ ಬೆಂಚಿನ ತನಕ, ಬೆಂಚಿನಿಂದ ದೇವರ ಪಟದ ತನಕ ಓಡಾಡಿದ್ದೇ ಓಡಾಡಿದ್ದು. ಬೆಂಚಿನಿಂದ ಒಬ್ಬರು ಎದ್ದರೂ ನನ್ನನ್ನೇ ಬೈದು ಎದ್ದಂತೆ ಅನ್ನಿಸುತ್ತಿತ್ತು.

ಆ ಮುಂದಿನ ಸೋಮವಾರ ಹೋದಾಗ ಅಂಗಡಿಯವನು ನಗಲಿಲ್ಲ. ರ್‍ಯಾಮು ಆರು ಸಾವಿರದ ನಾನೂರು. ಎಸ್‌ಎಸ್‌ಡಿ ನಾಲ್ಕು ಸಾವಿರದ ಮುನ್ನೂರು. "ನಾನೇನ್ ಮಾಡ್ಲಿ ಅಕ್ಕಾ, ನನಗೇ ಆ ರೇಟು ಬಿದ್ದೈತೆ" ಅಂದ. ಅವನ ತಪ್ಪೇನೂ ಇರಲಿಲ್ಲ. ಎರಡಕ್ಕೇ ಹತ್ತು ಸಾವಿರದ ಏಳುನೂರು. ಉಳಿಯುವ ಮೂರು ಸಾವಿರ ಚಿಲ್ಲರೆಗೆ ಅತ್ತೆಯ ಸೆಟ್ಟು ಎಲ್ಲಿ ಬರುತ್ತದೆ? ನಾನು ಏನನ್ನೂ ಕೊಳ್ಳದೆ ವಾಪಸು ಬಂದೆ.

ಊಟಕ್ಕೆ ಕೂತಾಗ ಇಬ್ಬರ ಮುಂದೆಯೂ ಹೇಳಿಬಿಟ್ಟೆ. ಸ್ಟಾಕ್ ಇತ್ತು, ನಾನೇ ಕೊಡಲಿಲ್ಲ, ಈಗ ಎರಡರಲ್ಲಿ ಒಂದೇ ಆಗುವುದು. ನಮ್ಮವರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ಹತ್ತು ದಿನ ಆಯ್ತಲ್ಲೇ! ಅಮಾವಾಸ್ಯೆ ಅಂತ ಜನ ಅರ್ಜಿ ಕೊಡೋದು ಬಿಡ್ತಾರಾ?"

"ತಪ್ಪಾಯ್ತು ಕಣ್ರೀ."

"ಅಮ್ಮನ ಸೆಟ್ಟೇ ತಗೊಂಬಾ ಹಂಗಾದ್ರೆ. ನನ್ನದು ಹೆಂಗೋ ನಡೀತದೆ." ನಡೆಯುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಅತ್ತೆ ತಟ್ಟೆಯ ಅಂಚು ತಡವುತ್ತಾ ಅಂದರು: "ಲೇ, ನನ್ನ ಕೇಳಿದ್ರಾ ಯಾರಾದ್ರೂ? ಸ್ತೋತ್ರ ಒಂದು ಗಂಟೆ ಕಣೋ. ಮಿಕ್ಕ ಹೊತ್ತೆಲ್ಲ ನಾನು ಕೇಳೋದು ನಿನ್ನ ಬೆಂಚನ್ನ. ಯಾರ ಖಾತೆ ಬದಲಾಯ್ತು, ಯಾವ ಅಣ್ಣ ತಮ್ಮಂದ್ರು ಮಾತು ಬಿಟ್ರು, ಯಾರ ಮಗಳಿಗೆ ಗಂಡು ಸಿಕ್ತು. ಬೆಂಚು ಖಾಲಿಯಾದ್ರೆ ನಾನು ಏನು ಕೇಳ್ಲಿ? ಕಂಪ್ಯೂಟ್ರು ತಗೊಂಬಾ ಹೋಗೇ. ಶುಕ್ರವಾರ ಆಗೋದ್ರೊಳಗೆ!"

ನಮ್ಮವರಿಗೆ ನಗು ತಡೆಯಲಾಗಲಿಲ್ಲ. ನಾನು ಸಾರು ತರುವ ನೆಪದಲ್ಲಿ ಒಳಗೆ ಹೋಗಿ ಕಣ್ಣೊರೆಸಿಕೊಂಡೆ.

ಮಂಗಳವಾರವೇ ಹೋಗಿ ದುಡ್ಡು ಬಿಚ್ಚಿದೆ. ಮದುವೆಯಾದ ಮೇಲೆ ಮೊದಲ ಸಲ. ಎಣಿಸುವಾಗ ಲಕ್ಷ್ಮಿಯ ಹೆಸರು ಹೇಳಿಕೊಂಡೆ, ಅವಳು ಕೋಪಿಸಿಕೊಂಡಂತೆ ಈವರೆಗೆ ಕಂಡಿಲ್ಲ. ಮಾರನೆಯ ದಿನ ಹಳೆಯ ಆಂಪ್ಲಿಫೈಯರನ್ನು ಗೋಣಿಚೀಲದಲ್ಲಿ ಸುತ್ತಿ ತರೀಕೆರೆಯ ರಿಪೇರಿಯವರ ಹತ್ತಿರ ಒಯ್ದೆ. ಒಳಗೆ ಕೆಪಾಸಿಟರ್ ಒಂದು ಉಬ್ಬಿತ್ತಂತೆ. ಮುನ್ನೂರೈವತ್ತು ರೂಪಾಯಿಗೆ ಗುಂಯ್ ಹೋಯಿತು. ಅದರ ಎರಡು ಸ್ಪೀಕರಿನಲ್ಲಿ ಒಂದು ಹರಿದಿದೆ, ಅದು ಮಾತಾಡುವುದಿಲ್ಲ. ಅತ್ತೆ ಕೂರುವ ಕಡೆಯದು ಚೆನ್ನಾಗಿದೆ. ಅಷ್ಟು ಸಾಕು.

ಕಂಪ್ಯೂಟರ್ ಈಗ ನಾನು ದೀಪದ ಬತ್ತಿ ಸರಿಮಾಡುವಷ್ಟರಲ್ಲಿ ಎದ್ದು ಕೂರುತ್ತದೆ. ಎದ್ದು ಹೋದವರಲ್ಲಿ ಕೆಲವರು ತಿರುಗಿ ಬಂದರು. ಆದರೆ ಬಂದವರ ಕೆಲಸ ಹತ್ತೇ ನಿಮಿಷದಲ್ಲಿ ಮುಗಿದುಬಿಡುತ್ತದೆ. ಕಾಯುವುದೂ ಇಲ್ಲ, ಮಾತೂ ಇಲ್ಲ. ಒಳಗಿನಿಂದ ಅತ್ತೆ, "ಆಗ್ಲೇ ಹೋದ್ರೇನೇ? ಆ ಜಮೀನಿನ ವಿಷಯ ಏನಾಯ್ತಂತೆ?" ಅಂತ ಕೇಳುತ್ತಾರೆ. ಅದನ್ನು ಕೇಳಿದ ಮೇಲೆ ನನಗೆ ಮತ್ತೆ ಕೂರಲಾಗುವುದಿಲ್ಲ.

ಹಾಗಾಗಿ ಈಗ ತಿಂಗಳ ಸಾಮಾನಿನ ಪಟ್ಟಿಯಲ್ಲಿ ಕಾಫಿಪುಡಿ ಕಾಲು ಕಿಲೋ ಜಾಸ್ತಿ. ಪ್ರಿಂಟು ಬರುವ ಸದ್ದು ಕೇಳಿದ ಕೂಡಲೇ ನಾನು ಸೆರಗಿಗೆ ಕೈ ಒರೆಸಿಕೊಂಡು ಹೊರಗೋಡುತ್ತೇನೆ.

"ಏಳಬ್ಯಾಡಿ, ಏಳಬ್ಯಾಡಿ. ಹಾಲು ಕಾಯ್ತಾ ಐತೆ, ಕಾಫಿ ಕುಡ್ಕೊಂಡು ಹೋಗಿ. ಅಂದಂಗೆ, ನಿಮ್ಮ ಅಣ್ಣ ಸಹಿ ಹಾಕಿದ್ರಾ?"